ಆ ಪ್ರಾರ್ಥನೆ ‘ಯಶಸ್ಸಿನ ಗುಟ್ಟು’ ಅಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಕೃತಜ್ಞತೆಯ ಅಭ್ಯಾಸದ ಬಗ್ಗೆ ಒಂದು ಲೇಖನ ಬಂದಿತ್ತು. ಮಲಗುವ ಮುಂಚೆ ಡೈರಿಯಲ್ಲಿ ಆ ದಿನದ ಮೂರು ಒಳ್ಳೆಯ ಸಂಗತಿ ಬರೆಯಿರಿ, ನಿದ್ದೆ ಚೆನ್ನಾಗಿ ಬರುತ್ತದೆ, ಮನಸ್ಸು ಹಗುರಾಗುತ್ತದೆ ಅಂತ. ಇರಲಿ, ಬರೆಯುವುದರಿಂದ ನಷ್ಟವೇನೂ ಇಲ್ಲ. ನನ್ನ ತಕರಾರು ಅದರ ಮಧ್ಯೆ ಬಂದ ಒಂದೇ ಒಂದು ಸಾಲಿನ ಬಗ್ಗೆ. ಯಹೂದಿಗಳು ಬೆಳಗ್ಗೆ ಕಣ್ಣು ಬಿಟ್ಟ ತಕ್ಷಣ ದೇವರಿಗೆ ಥ್ಯಾಂಕ್ಸ್ ಹೇಳುತ್ತಾರೆ, ಅವರ ಯಶಸ್ಸಿನ ಗುಟ್ಟೇ ಅದು, ಅಂತ ಬರೆದಿದ್ದರು. ವಾಟ್ಸ್ಆ್ಯಪ್‌ನಲ್ಲಿ ಇಂಥವು ಓಡಾಡುತ್ತಲೇ ಇರುತ್ತವೆ. ಪತ್ರಿಕೆಯಲ್ಲೂ ಬಂದರೆ ಸುಮ್ನೆ ಕೂರಲು ಆಗುವುದಿಲ್ಲ.

ನಾನು ಯಹೂದಿ ಅಲ್ಲ. ಉಡುಪಿ ಕಡೆಯವನು, ಮುಂಬೈಯ ಬ್ಯಾಂಕೊಂದರಲ್ಲಿ ದುಡಿದು ನಿವೃತ್ತನಾದವನು. ನಮ್ಮ ಶಾಖೆಯಲ್ಲಿ ಬೆನೆ ಇಸ್ರೇಲ್ ಎಂಬ ಕೊಂಕಣದ ಯಹೂದಿ ಸಮುದಾಯದ ಹಿರಿಯ ಸಹೋದ್ಯೋಗಿಯೊಬ್ಬರಿದ್ದರು. ಕೊಂಕಣದ ಹಳ್ಳಿಗಳಲ್ಲಿ ಗಾಣ ಆಡಿಸಿಕೊಂಡು, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದರಿಂದ ‘ಶನಿವಾರ್ ತೇಲಿ’ ಅಂತ ಕರೆಸಿಕೊಂಡವರ ವಂಶದವರು. ಮನೆಯಲ್ಲಿ ಮರಾಠಿ, ಪ್ರಾರ್ಥನೆಗೆ ಹೀಬ್ರೂ, ಕೋಪ ಬಂದರೆ ಮುಂಬೈ ಹಿಂದಿ. ಅವರ ಜೊತೆ ಊಟದ ಹೊತ್ತಿನ ಹರಟೆಯಲ್ಲಿ ಶುರುವಾದ ಕುತೂಹಲ, ಮುಂದೆ ಅವರ ಪ್ರಾರ್ಥನೆ ಪುಸ್ತಕವನ್ನು (ಸಿದ್ದೂರ್ ಅನ್ನುತ್ತಾರೆ) ಇಂಗ್ಲಿಷ್ ಅನುವಾದದಲ್ಲಿ ಕೂತು ಓದುವವರೆಗೂ ಹೋಯಿತು. ಆ ಸಲುಗೆಯಿಂದ ಬರೆಯುತ್ತಿದ್ದೇನೆ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇದು ಇಸ್ರೇಲ್ ಸರ್ಕಾರದ ಪರವಾಗಿಯೋ ವಿರುದ್ಧವಾಗಿಯೋ ಬರೆದ ಪತ್ರವಲ್ಲ. ಆ ಜಗಳಕ್ಕೆ ನಿಮ್ಮಲ್ಲಿ ಬೇರೆ ಪುಟ ಇದೆ.

ಲೇಖಕರು ಹೇಳಿದ ಆ ಬೆಳಗಿನ ಪ್ರಾರ್ಥನೆಯ ಹೆಸರು ‘ಮೋದೆ ಅನೀ’. ಹೀಬ್ರೂವಿನಲ್ಲಿ ಬರೀ 12 ಪದ. ಅರ್ಥ ಸುಮಾರಾಗಿ ಹೀಗೆ: ಜೀವಂತನೂ ನಿತ್ಯನೂ ಆದ ಅರಸನೇ, ನನ್ನ ಪ್ರಾಣವನ್ನು ಕರುಣೆಯಿಂದ ನನಗೆ ಮರಳಿಸಿದ್ದೀಯ, ನಿನಗೆ ವಂದನೆ, ನಿನ್ನ ನಂಬಿಗಸ್ತಿಕೆ ದೊಡ್ಡದು. ಹಾಸಿಗೆಯಲ್ಲೇ, ಕೈ ತೊಳೆಯುವ ಮುಂಚೆಯೇ ಇದನ್ನು ಹೇಳಬಹುದು, ಯಾಕೆಂದರೆ ಇದರಲ್ಲಿ ದೇವರ ನಾಮ ಬರುವುದಿಲ್ಲ. ಮಕ್ಕಳಿಗೆ ಮೊದಲು ಬಾಯಿಪಾಠ ಮಾಡಿಸುವ ಪ್ರಾರ್ಥನೆಗಳಲ್ಲಿ ಇದೂ ಒಂದು. ತುಂಬಾ ಪುರಾತನವಾದದ್ದೂ ಅಲ್ಲ. ಗಲಿಲಾಯದ ಸಫೇದ್ ಊರಿನ ಮೋಶೆ ಬೆನ್ ಮಾಖೀರ್ ಎಂಬ ರಬ್ಬಿಯ (ಯಹೂದಿ ಧರ್ಮಗುರು) ಪುಸ್ತಕದಲ್ಲಿ, 1599ರಲ್ಲಿ, ಮೊದಲು ಅಚ್ಚಾಗಿ ಕಾಣಿಸುತ್ತದೆ.

ಆದರೆ ಕೊನೆಯ ಎರಡು ಪದ ಹಳೆಯವು. ಅವು ಬಂದದ್ದು ಬೈಬಲಿನ ‘ಪ್ರಲಾಪಗಳು’ ಎಂಬ ಭಾಗದಿಂದ, ಮೂರನೇ ಅಧ್ಯಾಯದಿಂದ. ಕನ್ನಡ ಬೈಬಲ್ ಮನೆಯಲ್ಲಿದ್ದರೆ ತೆಗೆದು ನೋಡಿ, ಐದೇ ಅಧ್ಯಾಯ, ಒಂದು ಕೂತಿನಲ್ಲಿ ಮುಗಿಯುತ್ತದೆ. ಕ್ರಿ.ಪೂ. 586ರಲ್ಲಿ ಬಾಬಿಲೋನಿನ ಸೇನೆ ಯೆರೂಸಲೇಮನ್ನು ಸುಟ್ಟು ಹಾಕಿದ ಮೇಲಿನ ಗೋಳು ಅದು. ಬೀದಿಯಲ್ಲಿ ಮಕ್ಕಳು ಹಸಿವಿನಿಂದ ಮೂರ್ಛೆ ಹೋಗುತ್ತಾರೆ. ತಾಯಂದಿರು ಹೆತ್ತ ಮಕ್ಕಳನ್ನೇ ಬೇಯಿಸಿದ ಮಾತು ಬರುತ್ತದೆ. ದೇವರೇ ಶತ್ರುವಿನ ಹಾಗೆ ಬಿಲ್ಲು ಬಗ್ಗಿಸಿ ನಿಂತ ಅಂತ ಕವಿ ನೇರವಾಗಿ ಆಪಾದಿಸುತ್ತಾನೆ. ಇದೆಲ್ಲದರ ನಟ್ಟ ನಡುವೆ, ಯಾವ ಸಮಾಧಾನದ ಕಾರಣವೂ ಕಾಣದ ಜಾಗದಲ್ಲಿ, ನಿನ್ನ ದಯೆ ತೀರಿಹೋಗಿಲ್ಲ, ಅದು ಮುಂಜಾನೆ ಮುಂಜಾನೆಗೂ ಹೊಸದು, ನಿನ್ನ ನಂಬಿಗಸ್ತಿಕೆ ದೊಡ್ಡದು ಅನ್ನುವ ಸಾಲು ಬರುತ್ತದೆ. ಮತ್ತೆ ಗೋಳು ಮುಂದುವರಿಯುತ್ತದೆ. ಪುಸ್ತಕ ಮುಗಿಯುವುದೂ ಗೋಳಿನಲ್ಲೇ. ವರ್ಷಕ್ಕೊಮ್ಮೆ, ದೇವಾಲಯ ನಾಶವಾದ ದಿನದ ನೆನಪಿಗೆ, ಯಹೂದಿಗಳು ಉಪವಾಸವಿದ್ದು, ದೀಪ ತಗ್ಗಿಸಿ, ನೆಲದ ಮೇಲೆ ಕೂತು ಇದನ್ನು ಓದುತ್ತಾರೆ.

ಅಂದರೆ ಯಾವುದನ್ನು ನಿಮ್ಮ ಲೇಖಕರು ಗೆದ್ದವರ ಗುಟ್ಟು ಅಂದರೋ ಅದು ಎಲ್ಲ ಕಳೆದುಕೊಂಡವರ ಬಾಯಿಂದ ಬಂದ ಮಾತು. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ಈ ಪ್ರಾರ್ಥನೆಗಳಲ್ಲಿ ವಂದನೆ ಅನ್ನುವುದು ಒಳ್ಳೆಯದಾದ ಮೇಲೆ ಕೊಡುವ ಶಹಭಾಸ್‌ಗಿರಿ ಅಲ್ಲ, ಒಳ್ಳೆಯದಾಗಲಿ ಅಂತ ಕಟ್ಟುವ ಮುಂಗಡವೂ ಅಲ್ಲ. ದಿನ ಹೇಗಿರುತ್ತದೋ ಗೊತ್ತಿಲ್ಲದ ಹೊತ್ತಿನಲ್ಲಿ ಹೇಳುವ ಮಾತು. ದೂರು ಇದ್ದರೆ ಅದನ್ನು ಪಕ್ಕದಲ್ಲೇ ಇಟ್ಟುಕೊಂಡು ಹೇಳುವ ಮಾತು.

ರಾತ್ರಿ ಮಲಗುವಾಗ ಅವರು ಪ್ರಾಣವನ್ನು ದೇವರ ಕೈಗೆ ಒಪ್ಪಿಸುತ್ತೇನೆ ಅಂತ ಬೈಬಲಿನ ಕೀರ್ತನೆಯ ಸಾಲು ಹೇಳುತ್ತಾರೆ, ಬೆಳಗ್ಗೆ ಮರಳಿ ಬಂತು ಅಂತ ವಂದಿಸುತ್ತಾರೆ. ಹಳೆಯ ರಬ್ಬಿಗಳು ಇದಕ್ಕೆ ಒಂದು ಚಂದದ ವಿವರಣೆ ಕೊಟ್ಟಿದ್ದಾರೆ. ಮನುಷ್ಯರ ಹತ್ತಿರ ಹೊಸ ವಸ್ತು ಇಡಲು ಕೊಟ್ಟರೆ ಹಳತು ಮಾಡಿ ವಾಪಸ್ ಕೊಡುತ್ತಾರೆ, ದೇವರ ಹತ್ತಿರ ದಣಿದು ಸುಸ್ತಾದ ಪ್ರಾಣ ಒಪ್ಪಿಸಿದರೆ ಹೊಸತು ಮಾಡಿ ಕೊಡುತ್ತಾನೆ ಅಂತ. ಜೀವನವಿಡೀ ಠೇವಣಿಯ ಲೆಕ್ಕ ಬರೆದ ನನಗೆ ಇದು ಯಾಕೆ ಇಷ್ಟವಾಯಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸಹೋದ್ಯೋಗಿ ಹೇಳುತ್ತಿದ್ದರು, ರಸೀದಿ ಇಲ್ಲ, ನಾಮಿನಿ ಇಲ್ಲ, ಆದರೂ ದಿನಾ ರಾತ್ರಿ ಇಡುತ್ತೇವೆ ನೋಡಿ ಅಂತ.

ಇನ್ನು ನಗು ಬರಿಸುವ ಒಂದು ವಿಷಯ. ಶೌಚಕ್ಕೆ ಹೋಗಿ ಬಂದು ಕೈ ತೊಳೆದ ಮೇಲೆ ಹೇಳುವ ಪ್ರಾರ್ಥನೆಯೂ ಅವರಲ್ಲಿದೆ. ಆಶೆರ್ ಯಾತ್ಸರ್ ಅಂತ. ತಾಲ್ಮೂದ್‌ನಲ್ಲೇ (ಹಳೆಯ ರಬ್ಬಿಗಳ ಚರ್ಚೆಗಳ ಸಂಗ್ರಹ ಅದು) ಇದೆ, ಅಂದರೆ ಸುಮಾರು 1500 ವರ್ಷಕ್ಕಿಂತ ಹಳೆಯದು. ಮನುಷ್ಯನನ್ನು ಜಾಣತನದಿಂದ ರೂಪಿಸಿ ಅವನಲ್ಲಿ ತೂತುಗಳನ್ನೂ ನಾಳಗಳನ್ನೂ ಇಟ್ಟಿದ್ದೀಯ, ಅವುಗಳಲ್ಲಿ ಒಂದು ಒಡೆದರೂ ಒಂದು ಕಟ್ಟಿಕೊಂಡರೂ ನಿನ್ನ ಮುಂದೆ ನಿಂತಿರಲು ಆಗುವುದಿಲ್ಲ, ಅಂತ ಸಾಗುತ್ತದೆ. ಊಟದ ಹೊತ್ತಿನಲ್ಲಿ ಇದನ್ನು ಕೇಳಿ ನಾವೆಲ್ಲ ಡಬ್ಬಿ ಮುಚ್ಚಿಟ್ಟು ನಕ್ಕಿದ್ದೇ ನಕ್ಕಿದ್ದು. ಅವರೂ ನಕ್ಕರು. ಎಷ್ಟೋ ವರ್ಷದ ಮೇಲೆ ನನಗೆ ಪ್ರಾಸ್ಟೇಟ್ ಆಪರೇಷನ್ ಆಗಿ, ಟ್ಯೂಬ್ ತೆಗೆದ ಮೇಲೆ ಮೊದಲ ಸಲ ಯಾವ ನೋವೂ ಇಲ್ಲದೆ ಮೂತ್ರ ಹೋದಾಗ ನನಗೆ ನೆನಪಾದದ್ದು ನಮ್ಮ ಮನೆದೇವರಲ್ಲ, ಆ ಪ್ರಾರ್ಥನೆ. ಮನೆಯವರಿಗೆ ಹೇಳಿದರೆ ಬೈಯುತ್ತಾರೆ ಅಂತ ಹೇಳಿಲ್ಲ, ಈಗ ಪತ್ರಿಕೆಯಲ್ಲಿ ಓದಿಕೊಳ್ಳಲಿ.

ರಬ್ಬಿ ಮೇಯಿರ್ ಎಂಬ ಹಿರಿಯರು ದಿನಕ್ಕೆ 100 ಸಲ ದೇವರನ್ನು ಹರಸಬೇಕು ಅಂದಿದ್ದಾರೆ. ಹರಸುವುದು ಅಂದರೆ, ‘ನೀನು ಧನ್ಯನು’ ಅಂತ ಶುರುವಾಗುವ ಚಿಕ್ಕ ಚಿಕ್ಕ ವಾಕ್ಯಗಳು. ರೊಟ್ಟಿಗೆ ಒಂದು, ಹಣ್ಣಿಗೆ ಒಂದು, ಗುಡುಗಿಗೆ ಒಂದು, ಕಾಮನಬಿಲ್ಲಿಗೆ ಒಂದು. ಬೆಳಗ್ಗೆ ಹೇಳುವವುಗಳಲ್ಲಿ ಹಗಲು ರಾತ್ರಿಯ ವ್ಯತ್ಯಾಸ ತಿಳಿಯುವ ಬುದ್ಧಿಯನ್ನು ಹುಂಜಕ್ಕೆ ಕೊಟ್ಟದ್ದಕ್ಕೂ ಒಂದಿದೆ! ಕುರುಡರ ಕಣ್ಣು ತೆರೆಸುವವನೇ, ಬೆತ್ತಲೆ ಇದ್ದವರಿಗೆ ಬಟ್ಟೆ ಉಡಿಸುವವನೇ, ಬಗ್ಗಿದವರನ್ನು ನೇರ ನಿಲ್ಲಿಸುವವನೇ ಅಂತೆಲ್ಲ ಬರುತ್ತದೆ. ಕೇಳಿದರೆ ದೊಡ್ಡ ಪವಾಡಗಳ ಪಟ್ಟಿ ಅನ್ನಿಸುತ್ತದೆ, ಅಲ್ವಾ? ತಾಲ್ಮೂದ್‌ನಲ್ಲಿ ನೋಡಿದರೆ ಇವೆಲ್ಲ ಹಾಸಿಗೆಯಿಂದ ಏಳುವಾಗಿನ ಒಂದೊಂದು ಕೆಲಸಕ್ಕೆ ಸೇರಿದವು. ಕಣ್ಣು ಬಿಟ್ಟಾಗ ಮೊದಲನೆಯದು, ಬಟ್ಟೆ ಹಾಕಿಕೊಂಡಾಗ ಇನ್ನೊಂದು, ಎದ್ದು ಕೂತಾಗ, ನೆಲಕ್ಕೆ ಕಾಲಿಟ್ಟಾಗ, ಚಪ್ಪಲಿ ಕಟ್ಟಿದಾಗ ಹೀಗೆ. ಆಮೇಲೆ ಎಲ್ಲವನ್ನೂ ಒಟ್ಟಿಗೆ ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲೇ ಹೇಳುವ ರೂಢಿ ಬಂತು. ಶನಿವಾರ, ಅಂದರೆ ಸಬ್ಬತ್ ದಿನ, ಮುಖ್ಯ ಪ್ರಾರ್ಥನೆ ಚಿಕ್ಕದಾಗುವುದರಿಂದ 100ರ ಲೆಕ್ಕ ಕಡಿಮೆ ಬೀಳುತ್ತದಂತೆ, ಅದನ್ನು ಸರಿದೂಗಿಸಲು ಅವತ್ತು ಹಣ್ಣುಹಂಪಲು ಜಾಸ್ತಿ ತಿನ್ನುವುದು, ಪರಿಮಳದ ವಸ್ತು ಮೂಸುವುದು ಮಾಡುತ್ತಾರೆ. ಲೆಕ್ಕ ಭರ್ತಿಗೆ ಹಣ್ಣು ತಿನ್ನುವ ಧರ್ಮ ನನಗಂತೂ ಬಹಳ ಹಿಡಿಸಿತು.

ಆ ಮುಖ್ಯ ಪ್ರಾರ್ಥನೆಗೆ ಅಮಿದಾ ಅಂತ ಹೆಸರು. ಎದ್ದು ನಿಂತು, ಪಾದ ಜೋಡಿಸಿ, ತುಟಿಯಲ್ಲೇ ಹೇಳುವಂಥದ್ದು. ಹೆಸರಿಗೆ 18 ಹರಸುವ ಪ್ರಾರ್ಥನೆಗಳು, ಎಣಿಸಿದರೆ 19. ಕೊನೆಯ ಹತ್ತಿರ ಬರುವ ‘ಮೋದೀಮ್’ ಎಂಬ ಭಾಗ ಪೂರ್ತಿ ವಂದನೆಯದ್ದು. ಅಲ್ಲಿ ಬಗ್ಗಿ ನಮಸ್ಕರಿಸುತ್ತಾರೆ. ನಿನ್ನ ಕೈಗೆ ಒಪ್ಪಿಸಿದ ನಮ್ಮ ಬದುಕಿಗಾಗಿ, ದಿನದಿನವೂ ನಮ್ಮ ಜೊತೆ ಇರುವ ನಿನ್ನ ಅದ್ಭುತಗಳಿಗಾಗಿ, ಸಂಜೆ, ಬೆಳಗ್ಗೆ, ಮಧ್ಯಾಹ್ನ ಎಲ್ಲ ಹೊತ್ತಿನ ಒಳ್ಳೆಯದಕ್ಕಾಗಿ ವಂದನೆ ಅಂತ. ಸಿನಗಾಗ್‌ನಲ್ಲಿ ಪ್ರತಿಯೊಬ್ಬರೂ ಒಳಗೊಳಗೇ ಹೇಳಿ ಮುಗಿಸಿದ ಮೇಲೆ, ಮುಂದೆ ನಿಂತವರು ಎಲ್ಲರ ಪರವಾಗಿ ಗಟ್ಟಿಯಾಗಿ ಇನ್ನೊಮ್ಮೆ ಹೇಳುತ್ತಾರೆ. ಜನ ‘ಆಮೆನ್’ ಅಂದರೆ ಸಾಕು. ಆರೋಗ್ಯ ಬೇಡುವುದು, ಮಳೆ ಬೇಡುವುದು, ಕ್ಷಮೆ ಕೇಳುವುದು ಎಲ್ಲವನ್ನೂ ಅವರು ನಮ್ಮ ಪರವಾಗಿ ಮಾಡಬಹುದು. ಮೋದೀಮ್ ಬಂದಾಗ ಮಾತ್ರ ಆಮೆನ್ ಸಾಲದು. ಅವರು ಅವರದ್ದು ಹೇಳುತ್ತಿರುವಾಗಲೇ ಕೂತವರೆಲ್ಲ ತಮ್ಮದೇ ಇನ್ನೊಂದು ವಂದನೆಯನ್ನು ಹೇಳಬೇಕು. ಹದಿನಾಲ್ಕನೇ ಶತಮಾನದಲ್ಲಿ ಸ್ಪೇನಿನ ಸೆವಿಲ್‌ನಲ್ಲಿದ್ದ ಅಬುದರ್ಹಾಮ್ ಎಂಬ ಪಂಡಿತರು ಇದಕ್ಕೆ ಕೊಟ್ಟ ಕಾರಣ ಇಷ್ಟೇ: ವಂದನೆಯನ್ನು ಪ್ರತಿನಿಧಿಯ ಕೈಲಿ ಕಳಿಸಲು ಬರುವುದಿಲ್ಲ.

ಇದನ್ನು ಓದಿದ ಮೇಲೆ ನಾನು ಊರ ದೇವಸ್ಥಾನದ ಕೌಂಟರಿನಲ್ಲಿ ರಸೀದಿ ಬರೆಸಿ, ಹೆಸರು ನಕ್ಷತ್ರ ಕೊಟ್ಟು, ಬಸ್ಸಿಗೆ ಹೊತ್ತಾಯಿತು ಅಂತ ಹೊರಟು ಬರುವುದು ಸ್ವಲ್ಪ ಕಡಿಮೆಯಾಗಿದೆ. ಪೂರ್ತಿ ನಿಂತಿಲ್ಲ.

ದೂರಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಕೃತಜ್ಞತೆಯ ಲೇಖನಗಳಲ್ಲಿ ಬಿಟ್ಟು ಹೋಗುವುದು ಇದೇ. ಪಾಸಿಟಿವ್ ಆಗಿರಿ ಅನ್ನುವವರಿಗೆ ಸಾವಿನ ಮನೆಯಲ್ಲಿ ಏನು ಹೇಳಬೇಕೋ ತಿಳಿಯುವುದಿಲ್ಲ. ಮಿಶ್ನಾದಲ್ಲಿ, ಅಂದರೆ ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಗ್ರಹವಾದ ನಿಯಮಗಳಲ್ಲಿ, ಒಳ್ಳೆಯದಕ್ಕೆ ದೇವರನ್ನು ಹರಸುವಂತೆ ಕೆಟ್ಟದ್ದಕ್ಕೂ ಹರಸಬೇಕು ಅಂತ ಇದೆ. ಆದರೆ ಎರಡಕ್ಕೂ ಒಂದೇ ವಾಕ್ಯ ಇಟ್ಟಿಲ್ಲ ನೋಡಿ. ಒಳ್ಳೆಯ ಸುದ್ದಿಗೆ ‘ಒಳ್ಳೆಯವನೇ, ಒಳ್ಳೆಯದು ಮಾಡುವವನೇ’. ಸಾವಿನ ಸುದ್ದಿಗೆ ‘ಸತ್ಯವಾದ ನ್ಯಾಯಾಧಿಪತಿಯೇ’, ಅಷ್ಟೇ. ಇದೂ ಒಳ್ಳೆಯದೇ ಅಂತ ಬಾಯಲ್ಲಿ ಸುಳ್ಳು ಹೇಳಿಸುವುದಿಲ್ಲ. ಸತ್ತವರಿಗಾಗಿ ಮಕ್ಕಳು ಹೇಳುವ ಕದ್ದಿಶ್‌ನಲ್ಲಿ ಸಾವಿನ ಮಾತೇ ಬರುವುದಿಲ್ಲ, ಉದ್ದಕ್ಕೂ ದೇವರ ಹೆಸರಿನ ಮಹಿಮೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ಬೆರ್ದಿಚೇವ್ ಊರಿನ ರಬ್ಬಿ ಲೇವಿ ಯಿತ್ಸಾಕ್ ದೇವರ ಮೇಲೆಯೇ ದಾವೆ ಹೂಡಿ, ನಿನ್ನ ಜನಕ್ಕೆ ಯಾಕಿಷ್ಟು ಕಾಟ ಕೊಡುತ್ತೀಯ, ಉತ್ತರ ಸಿಗುವವರೆಗೆ ಈ ಜಾಗ ಬಿಟ್ಟು ಕದಲುವುದಿಲ್ಲ ಅಂತ ಜಗಳವಾಡಿ, ಆ ಜಗಳವನ್ನು ಕದ್ದಿಶ್‌ನ ಮಾತಿನಿಂದಲೇ ಮುಗಿಸಿದರು ಅಂತ ಅವರಲ್ಲಿ ಹಾಡೇ ಇದೆ. ನಮ್ಮ ದಾಸರೂ ವಿಠಲನನ್ನು ಸಾಲಗಾರನ ಹಾಗೆ ಅಡ್ಡಗಟ್ಟಿ ಕೇಳಿದವರಲ್ಲವೇ, ಹಾಗಾಗಿ ಕನ್ನಡದವರಿಗೆ ಇದು ತೀರಾ ಹೊಸದಲ್ಲ.

ಊಟವಾದ ಮೇಲಿನ ಪ್ರಾರ್ಥನೆಯಲ್ಲೂ ಇಂಥದ್ದೊಂದು ಅಡಗಿದೆ. ತಿಂದು ತೃಪ್ತರಾದ ಮೇಲೆ ದೇವರನ್ನು ಹರಸಬೇಕು ಅಂತ ಬೈಬಲಿನ ಧರ್ಮೋಪದೇಶಕಾಂಡದಲ್ಲಿ ಹೇಳಿದೆ. ನಾವು ಊಟಕ್ಕೆ ಮುಂಚೆ ಹೇಳುತ್ತೇವೆ. ಅವರಲ್ಲಿ ಮುಂಚೆ ಚಿಕ್ಕದು, ಹೊಟ್ಟೆ ತುಂಬಿದ ಮೇಲೆ ಉದ್ದನೆಯದು. ಹೊಟ್ಟೆ ತುಂಬಿದ ಮೇಲೆ ಮರೆಯುವುದು ಸುಲಭ ಅಂತಲೇ ಇರಬೇಕು. ಅದರಲ್ಲಿ ನಾಲ್ಕು ಭಾಗ. ಮೊದಲ ಮೂರು ಅನ್ನಕ್ಕೆ, ನೆಲಕ್ಕೆ, ಯೆರೂಸಲೇಮಿಗೆ. ನಾಲ್ಕನೆಯದು ಬಂದದ್ದು ಹೀಗೆ. ಕ್ರಿ.ಶ. 135ರಲ್ಲಿ ರೋಮನ್ನರು ಬೇತಾರ್ ಕೋಟೆಯನ್ನು ಹಿಡಿದು ಜನರನ್ನು ಕೊಂದು, ಹೆಣ ಹೂಳಲೂ ಬಿಡಲಿಲ್ಲ. ಎಷ್ಟೋ ಕಾಲದ ನಂತರ ಹೂಳಲು ಅಪ್ಪಣೆ ಸಿಕ್ಕಿತು. ಆ ದಿನದ ನೆನಪಿಗೆ ಈ ನಾಲ್ಕನೆಯದನ್ನು ಸೇರಿಸಿದರು ಅಂತ ತಾಲ್ಮೂದ್ ಹೇಳುತ್ತದೆ. ಹೆಣಗಳು ಕೊಳೆಯಲಿಲ್ಲವಲ್ಲ ಅದಕ್ಕೆ ‘ಒಳ್ಳೆಯವನು’, ಮಣ್ಣು ಸಿಕ್ಕಿತಲ್ಲ ಅದಕ್ಕೆ ‘ಒಳ್ಳೆಯದು ಮಾಡುವವನು’. ಪ್ರತಿ ಊಟದ ಮೇಲೆ ಇದನ್ನು ಹೇಳುತ್ತಾರೆ, ಹಬ್ಬದೂಟವಾದರೂ ಸರಿ. ಇದನ್ನು ಯಾವ ಮನಶ್ಶಾಂತಿಯ ಡೈರಿಯಲ್ಲಿ ಬರೆಸುತ್ತೀರಿ?

ಏನೇನು ಬೇಡಬಾರದು ಅನ್ನುವುದಕ್ಕೂ ಮಿಶ್ನಾದಲ್ಲಿ ಉದಾಹರಣೆ ಇದೆ. ಊರಿಗೆ ಬರುತ್ತಿರುವಾಗ ದೂರದಿಂದ ಗೋಳಾಟ ಕೇಳಿಸಿದರೆ ‘ಅದು ನನ್ನ ಮನೆಯದ್ದಾಗಿರದಿರಲಿ’ ಅಂತ ಬೇಡುವುದು ವ್ಯರ್ಥ ಪ್ರಾರ್ಥನೆ, ಆಗಿದ್ದು ಆಗಿಹೋಗಿದೆ. ಹೆಂಡತಿ ಬಸುರಿಯಾದ ಮೇಲೆ ಗಂಡೇ ಹುಟ್ಟಲಿ ಅಂತ ಬೇಡುವುದೂ ವ್ಯರ್ಥ ಪ್ರಾರ್ಥನೆ. ಎರಡನೆಯದನ್ನು ನಮ್ಮ ಕಡೆ ಕೆಲವು ಗುಡಿಗಳ ಗೋಡೆಗೆ ಬರೆಸಿದರೆ ತಪ್ಪಿಲ್ಲ ಅನ್ನಿಸುತ್ತದೆ.

ಎಲ್ಲವೂ ನನಗೆ ಒಪ್ಪಿಗೆ ಅಂತಲ್ಲ. 136ನೇ ಕೀರ್ತನೆ ತೆಗೆದುಕೊಳ್ಳಿ. ಅದರಲ್ಲಿ 26 ವಚನ, ಪ್ರತಿಯೊಂದರ ಕೊನೆಗೂ ಅವನ ದಯೆ ಎಂದೆಂದಿಗೂ ಇರುವುದು ಅನ್ನುವ ಪಲ್ಲವಿ. ಆಕಾಶ ಮಾಡಿದ, ಭೂಮಿ ಹಾಸಿದ, ಸೂರ್ಯಚಂದ್ರರನ್ನಿಟ್ಟ ಅಂತ ಚೆನ್ನಾಗಿ ಹೋಗುತ್ತಿರುವಾಗಲೇ ಐಗುಪ್ತದ (ಈಜಿಪ್ಟಿನ) ಚೊಚ್ಚಲ ಮಕ್ಕಳನ್ನು ಹೊಡೆದ, ರಾಜರನ್ನು ಕೊಂದ, ಅವನ ದಯೆ ಎಂದೆಂದಿಗೂ ಇರುವುದು ಅಂತ ಬರುತ್ತದೆ. ಕೊಲೆಯಾದವರಿಗೆ ಎಂಥ ದಯೆ? ನನ್ನ ಸಹೋದ್ಯೋಗಿಯನ್ನು ಕೇಳಿದ್ದೆ. ಅವರು ವಾದಿಸಲಿಲ್ಲ, ತಾಲ್ಮೂದ್‌ನ ಕಥೆಯೊಂದನ್ನು ಹೇಳಿದರು. ಐಗುಪ್ತದ ಸೈನ್ಯ ಸಮುದ್ರದಲ್ಲಿ ಮುಳುಗುತ್ತಿದ್ದಾಗ ದೇವದೂತರು ಹಾಡಲು ಹೊರಟರಂತೆ. ನನ್ನ ಕೈಯಾರೆ ಮಾಡಿದ ಜೀವಗಳು ನೀರಲ್ಲಿ ಮುಳುಗುತ್ತಿವೆ, ನಿಮಗೆ ಹಾಡು ಬೇಕಾ ಅಂತ ದೇವರು ಗದರಿದನಂತೆ. ಕಥೆ ಒಳ್ಳೆಯದೇ. ಕೀರ್ತನೆಯ ಆ ಸಾಲುಗಳು ಮಾತ್ರ ಹಾಗೇ ಇವೆ.

ಹಾಗೆಯೇ ಯಹೂದಿಗಳೆಲ್ಲ ದಿನಾ ಇದನ್ನು ಹೇಳುತ್ತಾರೆ ಅಂತಲೂ ತಿಳಿಯಬೇಡಿ. ದೇವರನ್ನು ನಂಬದವರು ಅವರಲ್ಲಿ ಬೇಕಾದಷ್ಟು ಇದ್ದಾರೆ. ಹಿಟ್ಲರನ ಕಾಲದ ಕೊಲೆಗಳ ನಂತರ ಈ ಬಾಯಿಂದ ಇನ್ನು ವಂದನೆ ಬರುವುದಿಲ್ಲ ಅಂದವರೂ ಇದ್ದರು, ಅದೇ ಶಿಬಿರಗಳಿಂದ ಬದುಕಿ ಬಂದು ಮರುದಿನದಿಂದಲೇ ಮತ್ತೆ ಹೇಳಿದವರೂ ಇದ್ದರು. ಯಾರು ಸರಿ ಅಂತ ಹೇಳುವ ಯೋಗ್ಯತೆ ನನಗಿಲ್ಲ.

ಈಗ ನಮ್ಮ ಕರ್ನಾಟಕಕ್ಕೆ ಸಂಬಂಧಪಟ್ಟದ್ದು. ಇದನ್ನು ಬರೆಯಬೇಕು ಅಂತಲೇ ಇಷ್ಟು ಉದ್ದ ಪೀಠಿಕೆ ಹಾಕಿದೆ ಅಂದರೂ ಸರಿಯೇ.

107ನೇ ಕೀರ್ತನೆಯಲ್ಲಿ ನಾಲ್ಕು ಬಗೆಯ ಜನ ಬರುತ್ತಾರೆ. ಮರುಭೂಮಿಯಲ್ಲಿ ದಾರಿ ತಪ್ಪಿದವರು, ಸೆರೆಯಲ್ಲಿ ಬಿದ್ದವರು, ಕಾಯಿಲೆಯಿಂದ ಸಾವಿನ ಬಾಗಿಲಿಗೆ ಹೋದವರು, ಹಡಗಿನಲ್ಲಿ ಬಿರುಗಾಳಿಗೆ ಸಿಕ್ಕವರು. ನಾಲ್ವರೂ ಕೂಗಿಕೊಳ್ಳುತ್ತಾರೆ, ನಾಲ್ವರೂ ಪಾರಾಗುತ್ತಾರೆ, ಪ್ರತಿ ಸಲವೂ ಅವನ ದಯೆಗಾಗಿ ಅವನನ್ನು ಕೊಂಡಾಡಲಿ ಅನ್ನುವ ಪಲ್ಲವಿ. ಇದರ ಆಧಾರದ ಮೇಲೆ ರಬ್ಬಿಗಳು ಈ ನಾಲ್ವರು ಎಲ್ಲರೆದುರು ನಿಂತು ವಂದನೆ ಹೇಳಬೇಕು ಅಂತ ಮಾಡಿದರು. ಅದಕ್ಕೆ ಗೋಮೆಲ್ ಅನ್ನುತ್ತಾರೆ. ಅದರಲ್ಲಿ ಹೇಳುವುದೇನೆಂದರೆ, ಯೋಗ್ಯತೆ ಇಲ್ಲದವರಿಗೂ ಒಳ್ಳೆಯದು ಮಾಡುವ ನೀನು ನನಗೂ ಒಳ್ಳೆಯದು ಮಾಡಿದೆ ಅಂತ. ನಾನು ಪುಣ್ಯವಂತ, ಅದಕ್ಕೇ ಉಳಿದೆ ಅನ್ನುವ ಹಾಗಿಲ್ಲ. ಅದನ್ನು ಒಬ್ಬರೇ ಮನೆಯಲ್ಲಿ ಕೂತು ಹೇಳುವ ಹಾಗೂ ಇಲ್ಲ, ಕನಿಷ್ಠ 10 ಜನ ಬೇಕು. ಕೇಳಿಸಿಕೊಂಡವರು, ನಿನಗೆ ಒಳ್ಳೆಯದು ಮಾಡಿದವನು ಮುಂದೆಯೂ ಒಳ್ಳೆಯದನ್ನೇ ಮಾಡಲಿ ಅಂತ ಉತ್ತರ ಕೊಡುತ್ತಾರೆ.

ಮುಂಬೈಯ ಮಸ್ಜಿದ್ ಸ್ಟೇಷನ್ನಿಗೆ ಆ ಹೆಸರು ಬಂದದ್ದು ಮುಸ್ಲಿಮರ ಮಸೀದಿಯಿಂದ ಅಂತ ಬಹಳ ಜನ ತಿಳಿದಿದ್ದಾರೆ. ಪಕ್ಕದ ಸ್ಯಾಮ್ಯುಯೆಲ್ ಸ್ಟ್ರೀಟಿನ ಸಿನಗಾಗ್‌ನಿಂದ ಅಂತ ಹಳೆಯ ಮುಂಬೈಯವರು ಹೇಳುತ್ತಾರೆ. ಅದಕ್ಕೆ ಜನ ಇಟ್ಟ ಹೆಸರು ‘ಜುನಿ ಮಸ್ಜಿದ್’, ಹಳೆ ಮಸೀದಿ. ನಿಜವಾದ ಹೆಸರು ಶಾಅರ್ ಹಾರಖಮೀಮ್, ಅಂದರೆ ದಯೆಯ ಬಾಗಿಲು. ಕಟ್ಟಿಸಿದ್ದು 1796ರಲ್ಲಿ, ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಎಂಬ ಬೆನೆ ಇಸ್ರೇಲ್ ಸೈನ್ಯಾಧಿಕಾರಿ. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದ ಅವರು ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಕಡೆಯವರಿಗೆ ಸೆರೆ ಸಿಕ್ಕರು. ಬದುಕಿ ಊರು ಸೇರಿದರೆ ಸಿನಗಾಗ್ ಕಟ್ಟಿಸುತ್ತೇನೆ ಅಂತ ಹರಕೆ ಹೊತ್ತರು, ಬಿಡುಗಡೆಯಾಗಿ ಬಂದು ಕಟ್ಟಿಸಿದರು ಅನ್ನುವುದು ಸಮುದಾಯದ ಮಾತು. ಸುಲ್ತಾನನ ತಾಯಿ, ‘ಬೆನೆ ಇಸ್ರೇಲ್’ ಅನ್ನುವ ಹೆಸರು ಕುರಾನಿನಲ್ಲಿದೆ, ಅವರನ್ನು ಬಿಟ್ಟುಬಿಡು ಅಂತ ಹೇಳಿದಳು ಅಂತಲೂ ಕಥೆ ಇದೆ. ಟಿಪ್ಪು ಹೆಸರು ಬಂದರೆ ನಿಮ್ಮ ಪತ್ರಗಳ ವಿಭಾಗದಲ್ಲಿ ಮುಂದಿನ ಒಂದು ತಿಂಗಳು ಏನೇನು ಬರುತ್ತದೆ ಅಂತ ನನಗೆ ಗೊತ್ತು. ನಾನು ಸೆರೆಯಾಳಿನ ಬಗ್ಗೆ ಮಾತ್ರ ಹೇಳುತ್ತಿದ್ದೇನೆ.

ಇನ್ನೊಬ್ಬರು ಇವರಿಗಿಂತ ಆರೂವರೆ ಶತಮಾನ ಹಿಂದಿನವರು, ನಮ್ಮ ಮಂಗಳೂರಿನಲ್ಲೇ ಇದ್ದವರು. ಅಬ್ರಹಾಂ ಬೆನ್ ಯಿಜು. ಹುಟ್ಟಿದ್ದು ಈಗಿನ ಟ್ಯುನೀಷಿಯಾದ ಮಹದಿಯಾದಲ್ಲಿ. 1130ರ ದಶಕದಲ್ಲಿ ಮಂಗಳೂರಿಗೆ ಬಂದು ನೆಲೆಸಿ, ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟು, ಕರಿಮೆಣಸು, ಅಡಿಕೆ, ಕಬ್ಬಿಣ ಎಲ್ಲ ಯೆಮೆನ್‌ನ ಏಡನ್ ರೇವಿಗೆ ಕಳಿಸುತ್ತಿದ್ದ ವ್ಯಾಪಾರಿ. ಅವರ ಗುಲಾಮ, ವ್ಯವಹಾರದ ಏಜೆಂಟ್ ಕೂಡ ಆಗಿದ್ದವನು, ಬೊಮ್ಮ. ಹೆಂಡತಿ ಆಶು, ಮೊದಲು ದಾಸಿಯಾಗಿದ್ದವಳು, 1132ರಲ್ಲಿ ಮಂಗಳೂರಿನಲ್ಲೇ ಪತ್ರ ಬರೆದು ಬಿಡುಗಡೆ ಮಾಡಿದರು. ದಾಸಿಯನ್ನು ಕೊಂಡವರು ಅಂದ ಮೇಲೆ ಸಂತರೇನಲ್ಲ, ಆ ಕಾಲದ ವ್ಯಾಪಾರಿ. ಇದೆಲ್ಲ ಗೊತ್ತಾಗಿದ್ದು ಕೈರೋದ ಹಳೆ ಸಿನಗಾಗ್ ಒಂದರ ಕೋಣೆಯಲ್ಲಿ ಸಿಕ್ಕ ಕಾಗದಗಳಿಂದ. ದೇವರ ಹೆಸರಿರುವ ಕಾಗದ ಬಿಸಾಡಬಾರದು ಅಂತ ಯಹೂದಿಗಳು ಹಳೆಯ ಕಾಗದವನ್ನೆಲ್ಲ ಅಂಥ ಕೋಣೆಗೆ ಹಾಕುತ್ತಿದ್ದರು. ವ್ಯಾಪಾರದ ಪತ್ರದಲ್ಲೂ ದೇವರ ಹೆಸರು, ದೇವರಿಗೆ ವಂದನೆ. ಅಡಿಕೆಯ ಲೆಕ್ಕ ಉಳಿದದ್ದು ಹಾಗೆ, ಬೊಮ್ಮನ ಹೆಸರು ಉಳಿದದ್ದೂ ಹಾಗೆ.

1149ರಲ್ಲಿ ಬೆನ್ ಯಿಜು ಮಂಗಳೂರು ಬಿಟ್ಟರು. ಏಡನ್ ತಲುಪಿದ ಮೇಲೆ ತವರಿನ ಒಡಹುಟ್ಟಿದವರಿಗೆ ಬರೆದ ಪತ್ರ ಸಿಕ್ಕಿದೆ. ಸಾಮಾನು, ಪ್ರಾಣ, ಮಕ್ಕಳು ಎಲ್ಲವೂ ಕ್ಷೇಮವಾಗಿ ಏಡನ್ ಸೇರಿದ್ದೇನೆ, ದೇವರಿಗೆ ವಂದನೆ ಅಂತ ಬರೆದು, ಅದರ ಬೆನ್ನಿಗೇ 107ನೇ ಕೀರ್ತನೆಯ ಆ ಪಲ್ಲವಿಯನ್ನು ಬರೆಯುತ್ತಾರೆ. ಹಡಗಿನವರು ಹೇಳಬೇಕಾದ ಮಾತು, ಹಡಗಿನಿಂದ ಇಳಿದವರೇ ಬರೆದಿದ್ದಾರೆ. ಹೊರಟ ರೇವು ನಮ್ಮದು. ನಮಗೆಲ್ಲ ಸಾಕಾಗುವಷ್ಟು ಗಳಿಸಿದ್ದೇನೆ, ಬನ್ನಿ ಅಂತ ಒಡಹುಟ್ಟಿದವರನ್ನು ಕರೆಯುತ್ತಾರೆ, ಯಾಕೆಂದರೆ ಅಷ್ಟರಲ್ಲಿ ಸಿಸಿಲಿಯ ರಾಜ ಮಹದಿಯಾವನ್ನು ಹಿಡಿದು ಅವರ ಮನೆಮಂದಿ ದಿಕ್ಕಾಪಾಲಾಗಿದ್ದರು.

ಆಮೇಲಿನದು ಚೆನ್ನಾಗಿಲ್ಲ. ಸೋದರನೊಬ್ಬ 1000 ದಿನಾರ್ ಮೋಸ ಮಾಡಿದ. ಆ ಹಡಗಿನಲ್ಲಿ ಕ್ಷೇಮವಾಗಿ ಬಂದ ಮಗ ಯೆಮೆನ್‌ನಲ್ಲೇ ತೀರಿಕೊಂಡ. ಮಗಳೊಬ್ಬಳೇ ಉಳಿದಳು. ಮುಂದಿನ ಪತ್ರದಲ್ಲಿ ಆ ದುಃಖವನ್ನೂ ಮೋಸವನ್ನೂ ಮುಚ್ಚುಮರೆ ಇಲ್ಲದೆ ಬರೆದುಕೊಂಡಿದ್ದಾರೆ, ಮಗಳನ್ನು ಅಣ್ಣತಮ್ಮಂದಿರ ಮಕ್ಕಳಲ್ಲೇ ಒಬ್ಬನಿಗೆ ಕೊಡಬೇಕು ಅಂತ ಓಡಾಡಿದ್ದಾರೆ, ಕೊನೆಗೆ ಕೊಟ್ಟಿದ್ದಾರೆ. ಏಡನ್‌ನಲ್ಲಿ ವಂದನೆ ಬರೆದ ದಿನ ಇದ್ಯಾವುದೂ ಅವರಿಗೆ ಗೊತ್ತಿರಲಿಲ್ಲ. ನಿಮ್ಮ ಲೇಖಕರ ಲೆಕ್ಕದಲ್ಲಿ ಆ ವಂದನೆ ಫಲ ಕೊಡಲಿಲ್ಲ ಅನ್ನಬೇಕಾಗುತ್ತದೆ. ಅದು ಫಲಕ್ಕೆ ಹೇಳಿದ್ದೇ ಆಗಿರಲಿಲ್ಲವಲ್ಲ.

ಅಡುಗೆ ಪುಟದವರಿಗೂ ಒಂದು ಮಾತು. ಬೆನೆ ಇಸ್ರೇಲ್‌ಗಳು ಹರಕೆ ತೀರಿದಾಗ, ಕಾಯಿಲೆ ವಾಸಿಯಾದಾಗ, ಮದುವೆ, ಗೃಹಪ್ರವೇಶದ ಹೊತ್ತಿನಲ್ಲಿ ‘ಮಲಿದಾ’ ಮಾಡುತ್ತಾರೆ. ನೆನೆಸಿದ ಅವಲಕ್ಕಿಗೆ ಸಿಹಿ, ಕಾಯಿತುರಿ, ಏಲಕ್ಕಿ ಬೆರೆಸಿ, ಸುತ್ತ ಹಣ್ಣಿಟ್ಟು, ಎಲೀಯ ಪ್ರವಾದಿಯ ಹೆಸರಲ್ಲಿ ಹಾಡಿ ಎಲ್ಲರಿಗೂ ಹಂಚುವುದು. ಬೇರೆ ದೇಶದ ಯಹೂದಿಗಳಿಗೆ ಇದು ಗೊತ್ತಿಲ್ಲ, ಕೊಂಕಣದ ನೆಲದಲ್ಲೇ ಹುಟ್ಟಿದ್ದು. ನಮ್ಮ ಸಹೋದ್ಯೋಗಿಯ ಮನೆಯಲ್ಲಿ ಮೊದಲ ಸಲ ತಿಂದಾಗ ನಮ್ಮಮ್ಮ ಮಾಡುವ ಪಂಚಕಜ್ಜಾಯದ ಅವಲಕ್ಕಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ಹುಡುಕಿದೆ. ಜಾಸ್ತಿ ಸಿಗಲಿಲ್ಲ.

ಕೊನೆಗೆ ಎರಡು ಕೋರಿಕೆ. ನಿಮ್ಮಲ್ಲಿ ದಿನಾ ಒಂದು ಮೂಲೆಯಲ್ಲಿ ವಚನ, ಗೀತೆಯ ಶ್ಲೋಕ, ಬೈಬಲ್ ಮಾತು, ಕುರಾನ್ ಮಾತು ಬರುತ್ತದೆ. ಆಗೊಮ್ಮೆ ಈಗೊಮ್ಮೆ ಸಿದ್ದೂರ್‌ನ ಸಾಲನ್ನೂ ಹಾಕಿ, ಅದರಿಂದ ಯಶಸ್ಸು ಬರುತ್ತದೆ ಅಂತ ಕೆಳಗೆ ಟಿಪ್ಪಣಿ ಹಾಕಬೇಡಿ. ಎರಡನೆಯದು, ಬೆನ್ ಯಿಜುವಿನ 1149ರ ಆ ಪತ್ರವನ್ನು ಯಾರಾದರೂ ತಿಳಿದವರಿಂದ ಕನ್ನಡಕ್ಕೆ ಮಾಡಿಸಿ, ಮಂಗಳೂರು ಆವೃತ್ತಿಯಲ್ಲಾದರೂ ಪೂರ್ತಿ ಅಚ್ಚು ಹಾಕಿ. ನನ್ನ ಪತ್ರ ಉದ್ದವಾಯಿತು, ನೀವು ಕತ್ತರಿ ಹಾಕುತ್ತೀರಿ ಅಂತ ಗೊತ್ತು. ಆಪರೇಷನ್ ವಿಷಯ ತೆಗೆದರೂ ಪರವಾಗಿಲ್ಲ, ಮಲಿದಾ ತೆಗೆದರೂ ಪರವಾಗಿಲ್ಲ, ಬೇತಾರ್‌ನ ಹೆಣಗಳನ್ನು ಮಾತ್ರ ತೆಗೆಯಬೇಡಿ.

ಇಂತಿ,
ನಿಮ್ಮ ಹಳೆಯ ಓದುಗ,
ಡೊಂಬಿವಲಿ